ಹನ್ನೆರಡು ಪ್ರಬಂಧಗಳ ವಾರಸುದಾರಳು

"ಎಚ್ಚರಿಕೆ ತಲುಪಿದೆ. ಲೇಖಕರು ಜೀವಂತವಿಲ್ಲ. ತೂಕ: ಸೊನ್ನೆ."

ಜಿಲ್ಲಾ ರೋಗನಿಗಾ ಕೇಂದ್ರದ ಗೋಡೆಯಗಲದ ಪರದೆಯ ಮೇಲೆ ಮೂಡಿದ ಈ ಸಾಲುಗಳನ್ನು ದಾಕ್ಷಾಯಣಿ ನಿಂತುಕೊಂಡೇ ಓದಿದಳು. ಓದಿ, ಹೆಗಲಿನ ಚೀಲವನ್ನು ಮೇಜಿನ ಮೇಲಿಟ್ಟಳು. ಚೀಲದಲ್ಲಿ ಹತ್ತೊಂಬತ್ತು ಜನರ ರಕ್ತಪರೀಕ್ಷೆಯ ವರದಿಗಳಿದ್ದವು. ಹತ್ತೊಂಬತ್ತರಲ್ಲಿ ಮೂವರು ಆಗಲೇ ತೀರಿಕೊಂಡಿದ್ದರು. ಆದರೆ ಎಲ್ಲರೂ ತಕ್ಕಡಿ ಎಂದು ಕರೆಯುತ್ತಿದ್ದ ಆ ಯಂತ್ರ ಸತ್ತವರೆಂದು ಹೇಳುತ್ತಿದ್ದುದು ಅವರನ್ನಲ್ಲ, ಎಚ್ಚರಿಕೆ ಕಳಿಸಿದ ಅವಳನ್ನು.

"ಯಂತ್ರಕ್ಕ ಏನೋ ಭ್ರಮಿ ಆಗೈತ್ರಿ ಮೇಡಮ್ಮೋರ. ತಡೀರಿ, ಇನ್ನೊಮ್ಮೆ ಹಾಕ್ತೀನಿ," ಎಂದ ಖಾದರಬಾಷಾ. ಇಪ್ಪತ್ತು ವರ್ಷಗಳಿಂದ ಆ ಕೋಣೆಯಲ್ಲಿ ಕುಳಿತು ಪರದೆ ನೋಡುವುದೇ ಅವನ ಕೆಲಸ.

ಅವನು ಮೂರು ಸಲ ಹಾಕಿದ. ಮೂರನೆಯ ಸಲ ಯಂತ್ರ ಒಂದು ಸಾಲು ಹೆಚ್ಚಿಗೆ ಕೊಟ್ಟಿತು: "ಮೃತರ ಕುಟುಂಬಕ್ಕೆ ಸಂತಾಪಗಳು."

"ನಾ ಸತ್ತೀನೇನು ಖಾದರಣ್ಣ?"

"ಈಗ ತಾನ ಚಾಕ್ಕ ಸಕ್ರಿ ಕಡಿಮಿ ಅಂತ ಬೈದ್ರಿ. ಸತ್ತವ್ರಿಗೆ ಅಷ್ಟು ರುಚಿ ಇರೂದಿಲ್ರಿ."

ಅವಳು ನಗಲಿಲ್ಲ. ಎಂಟು ತಿಂಗಳಿಂದ ಅವಳು ನಕ್ಕಿದ್ದನ್ನು ಖಾದರಬಾಷಾ ನೋಡಿರಲಿಲ್ಲ, ಅತ್ತಿದ್ದನ್ನೂ ನೋಡಿರಲಿಲ್ಲ. ಗಂಡ ತೀರಿಹೋದ ಹನ್ನೆರಡನೆಯ ದಿನಕ್ಕೆ ಕೇಂದ್ರದ ಲ್ಯಾಬಿಗೆ ಬಂದು ಸೂಕ್ಷ್ಮದರ್ಶಕದ ಮುಸುಕು ತೆಗೆದು ಕುಳಿತವಳು, ಅವತ್ತಿನಿಂದ ಇವತ್ತಿನವರೆಗೆ ಕೆಲಸಕ್ಕೆ ಬೇಕಾದಷ್ಟು ಮಾತ್ರ ಮಾತಾಡಿದ್ದಳು.

ತಕ್ಕಡಿಗೆ ಸರಕಾರ ಇಟ್ಟ ಹೆಸರು ಉದ್ದವಾಗಿತ್ತು, ಯಾರಿಗೂ ನೆನಪಿರಲಿಲ್ಲ. ಹದಿನಾಲ್ಕು ವರ್ಷಗಳ ಹಿಂದೆ, ಯಂತ್ರಗಳೇ ಬರೆದ ಸುಳ್ಳು ಪ್ರಬಂಧಗಳು ರಾಶಿ ರಾಶಿಯಾಗಿ ಬಂದು ಬೀಳುತ್ತಿದ್ದ ಕಾಲದಲ್ಲಿ, ಎಲ್ಲಿಯೂ ಇಲ್ಲದ ಒಂದು ಜ್ವರವನ್ನು ನಂಬಿ ರಾಜ್ಯದ ಔಷಧವನ್ನೆಲ್ಲ ಹಂಚಿಬಿಟ್ಟಿದ್ದರು. ಮರುವರ್ಷ ನಿಜವಾದ ಜ್ವರ ಬಂದಾಗ ಕಪಾಟುಗಳು ಬರಿದಾಗಿದ್ದವು. ಆಮೇಲೆ ತಕ್ಕಡಿ ಬಂತು. ಒಬ್ಬ ಸಂಶೋಧಕ ಎಷ್ಟು ಪ್ರಬಂಧ ಬರೆದಿದ್ದಾನೆ, ಅವನ್ನು ಎಷ್ಟು ಜನ ತಮ್ಮ ಪ್ರಬಂಧಗಳಲ್ಲಿ ಉಲ್ಲೇಖಿಸಿದ್ದಾರೆ, ಹಾಗೆ ಉಲ್ಲೇಖಿಸಿದವರನ್ನು ಮತ್ತೆ ಎಷ್ಟು ಜನ ಉಲ್ಲೇಖಿಸಿದ್ದಾರೆ ಎಂದೆಲ್ಲ ಲೆಕ್ಕ ಹಾಕಿ ಅದು ಅವನಿಗೊಂದು ತೂಕ ಕೊಡುತ್ತಿತ್ತು. ತೂಕ ನಲವತ್ತಕ್ಕಿಂತ ಹೆಚ್ಚಿದ್ದವನು ಎಚ್ಚರಿಕೆ ಕೊಟ್ಟರೆ ಔಷಧದ ಶೀತಕೋಣೆ ತಾನಾಗಿ ತೆರೆಯುತ್ತಿತ್ತು. ಕಡಿಮೆಯಿದ್ದವನ ಎಚ್ಚರಿಕೆ ಸರದಿಯಲ್ಲಿ ಹೋಗಿ ನಿಲ್ಲುತ್ತಿತ್ತು. ಆ ಸರದಿ ಆಗ ನಾಲ್ಕು ತಿಂಗಳಷ್ಟು ಉದ್ದವಿತ್ತು. ಯಾವ ಅಧಿಕಾರಿಯೂ ಎಲ್ಲಿಯೂ ಸಹಿ ಹಾಕಬೇಕಾಗಿರಲಿಲ್ಲವಾದ್ದರಿಂದ ಎಲ್ಲ ಅಧಿಕಾರಿಗಳಿಗೂ ತಕ್ಕಡಿಯ ಮೇಲೆ ಬಹಳ ಪ್ರೀತಿ.

ಶೀತಕೋಣೆ ಇದ್ದದ್ದು ಅದೇ ಕಟ್ಟಡದ ಕೆಳಗಿನ ಅಂತಸ್ತಿನಲ್ಲಿ. ದಾಕ್ಷಾಯಣಿಗೆ ಬೇಕಾಗಿದ್ದ ಔಷಧ ಅಲ್ಲಿಯೇ ಇತ್ತು. ಬಾಗಿಲು ಒಡೆದು ತಂದರೂ ಪ್ರಯೋಜನವಿರಲಿಲ್ಲ. ತಕ್ಕಡಿ ಸೀಸೆಯ ನಂಬರನ್ನು ಬಿಡುಗಡೆ ಮಾಡದಿದ್ದರೆ ಆಸ್ಪತ್ರೆಯ ಸಲೈನ್ ಯಂತ್ರ ಆ ಸೀಸೆಯನ್ನು ಒಳಗೆ ತೆಗೆದುಕೊಳ್ಳುತ್ತಿರಲಿಲ್ಲ.

ಸಂಜೆಯ ಹೊತ್ತಿಗೆ ಖಾದರಬಾಷಾ ಕಾರಣ ಹುಡುಕಿದ್ದ. ತಕ್ಕಡಿಯ ಪುಸ್ತಕದಲ್ಲಿ ದಾಕ್ಷಾಯಣಿ ಎಂಬ ಸಂಶೋಧಕಿಯೇ ಇರಲಿಲ್ಲ. ಅವಳ ಗಂಡ ಪಂಪಾಪತಿ ಕಾರಟಗಿ ಒಬ್ಬನೇ ಇದ್ದ. ಅವನ ಹೆಸರಿನಲ್ಲಿ ಹದಿನೈದು ಪ್ರಬಂಧಗಳಿದ್ದವು, ತೂಕ ಅರವತ್ತೊಂದು ಇತ್ತು. ಎಂಟು ತಿಂಗಳ ಹಿಂದೆ, ಕಾಲುವೆಯ ಸೇತುವೆಯ ತಿರುವಿನಲ್ಲಿ ಲಾರಿ ಗುದ್ದಿ ಅವನು ಸತ್ತ ವಾರಕ್ಕೆ, ಮರಣಪತ್ರ ತಾನಾಗಿಯೇ ತಕ್ಕಡಿಗೆ ತಲುಪಿತ್ತು. ಖಾತೆ ಮುಚ್ಚಿತ್ತು.

ಹದಿನೈದರಲ್ಲಿ ಮೂರು ಮಾತ್ರ ಪಂಪಾಪತಿಯವು. ಅವನು ಭತ್ತದ ಗದ್ದೆಯ ಮಣ್ಣನ್ನು ಓದಿದವನು, ಮಣ್ಣಿನ ಮೇಲೆ ಮೂರು ಪ್ರಬಂಧ ಬರೆದಿದ್ದ. ಉಳಿದ ಹನ್ನೆರಡು ದಾಕ್ಷಾಯಣಿಯವು. ಅವಳು ಎಲ್ಲ ಪ್ರಬಂಧಗಳಿಗೂ ತನ್ನ ಪೂರ್ತಿ ಹೆಸರು ಹಾಕಿದ್ದಳು: ದಾಕ್ಷಾಯಣಿ ಪಂಪಾಪತಿ ಕಾರಟಗಿ. ಮೊದಲು ತನ್ನ ಹೆಸರು, ಆಮೇಲೆ ಗಂಡನದು, ಕೊನೆಗೆ ಮನೆತನದ್ದು. ಈ ಕಡೆಯ ಹೆಂಗಸರೆಲ್ಲ ಬರೆಯುವುದು ಹಾಗೆಯೇ. ರೇಷನ್ ಕಾರ್ಡಿನಲ್ಲಿ, ಬ್ಯಾಂಕಿನಲ್ಲಿ, ವಿಶ್ವವಿದ್ಯಾಲಯದ ಕ್ವಾರ್ಟರ್ಸ್ ಅರ್ಜಿಯಲ್ಲಿ ಹಾಗೆ ಬರೆದವಳು ಪ್ರಬಂಧದಲ್ಲಿಯೂ ಹಾಗೆಯೇ ಬರೆದಳು. ತಕ್ಕಡಿಯನ್ನು ಕಟ್ಟಿದವರಿಗೆ ಈ ಪದ್ಧತಿ ಗೊತ್ತಿರಲಿಲ್ಲ. ಮೂರು ಹೆಸರಿನಲ್ಲಿ ಎರಡು ಒಬ್ಬ ಗಂಡಸಿನವು, ಮನೆಯ ವಿಳಾಸ ಒಂದೇ, ಒಂದು ಪ್ರಬಂಧದ ವಿಷಯವೂ ಅದೇ ಮಣ್ಣು. ಯಂತ್ರ ಇಬ್ಬರನ್ನೂ ಸೇರಿಸಿ ಒಬ್ಬನನ್ನಾಗಿ ಮಾಡಿತ್ತು.

ಎರಡು ವರ್ಷದ ಹಿಂದೆ ಬೇರೊಂದು ಜ್ವರದ ಬಗ್ಗೆ ಅವಳು ಕಳಿಸಿದ ಎಚ್ಚರಿಕೆಗೆ ಬಾಗಿಲು ತಕ್ಷಣ ತೆರೆದಿತ್ತು. ಅದು ತನ್ನ ತೂಕಕ್ಕೆ ತೆರೆಯಿತೆಂದು ಅವಳು ತಿಳಿದಿದ್ದಳು.

"ಬ್ಯಾರೆ ಮಾಡಾಕ ಫಾರಂ ಐತ್ರಿ," ಎಂದ ಖಾದರಬಾಷಾ, ಪರದೆ ನೋಡುತ್ತ. ಆಮೇಲೆ ದನಿ ತಗ್ಗಿಸಿದ. "ಆದ್ರ ಖಾತೆದಾರ ಸ್ವತಃ ಬಂದು ಕ್ಯಾಮೆರಾದ ಮುಂದ ನಿಂತು 'ಇವು ನನ್ನವಲ್ಲ' ಅನ್ನಬೇಕಂತ."

"ಅವ್ರು ಬರೂದಿಲ್ಲಲ್ಲ," ಎಂದಳು ದಾಕ್ಷಾಯಣಿ.

"ಬರದಿದ್ರ ಸಮಿತಿ ಕೂಡತೈತಂತ. ನೂರಾ ಎಂಬತ್ತು ದಿನ."

ಆ ಹತ್ತೊಂಬತ್ತು ಜನರಿಗೆ ಬಂದಿದ್ದ ಕೆಸರುಜ್ವರ ಹತ್ತು ದಿನದಲ್ಲಿ ಕೊಲ್ಲುತ್ತಿತ್ತು.

ಬೆಂಗಳೂರಿನ ಪ್ರೊಫೆಸರ್ ಲೋಕನಾಥ್ ಅವರ ತೂಕ ಎಂಬತ್ತೆಂಟು. ಸಾಂಕ್ರಾಮಿಕ ರೋಗಗಳಲ್ಲಿ ಅವರಿಗಿಂತ ಭಾರವಾದವರು ರಾಜ್ಯದಲ್ಲಿ ಇರಲಿಲ್ಲ. ದಾಕ್ಷಾಯಣಿ ಕರೆ ಮಾಡಿದಾಗ ಅವರು ಬಹಳ ಸೌಜನ್ಯದಿಂದ ಮಾತಾಡಿದರು.

"ನಿಮ್ಮ ಯಜಮಾನರು ಹೋಗಿದ್ದು ಕೇಳಿ ತುಂಬ ಬೇಜಾರಾಯ್ತಮ್ಮ. ಅವರ ಕೆಲಸಾನ ನಾನೊಬ್ಬನೇ ಇಪ್ಪತ್ಮೂರು ಸಲ ಉಲ್ಲೇಖಿಸಿದ್ದೀನಿ. ಎಂಥ ಬುದ್ಧಿವಂತ!"

"ಸರ್, ಅದು ನನ್ನ ಕೆಲಸ."

"ಹೌದಮ್ಮ, ನೀವೂ ಸಹಾಯ ಮಾಡಿರ್ತೀರ. ಹಾಗೆ ನೋಡಿದ್ರೆ ನಮ್ಮ ಮನೆಯವರೂ..."

"ಸಹಾಯ ಮಾಡಿದ್ದು ಅವರು, ಸರ್. ರವಿವಾರ ನನ್ನ ಸೀಸೆ ತೊಳೆದು ಕೊಡ್ತಿದ್ರು. ಆ ಸೂಕ್ಷ್ಮಜೀವಿನ ಕಂಡುಹಿಡಿದಾಕಿ ನಾನು. ಅದು ಯಾವ ಔಷಧಕ್ಕೆ ಸಾಯ್ತದ ಅಂತ ಬರೆದಾಕಿ ನಾನು. ಈಗ ಹದಿನಾರು ಜನ ಹಾಸಿಗಿ ಮೇಲೆ ಇದ್ದಾರ. ನಿಮ್ಮ ಹೆಸರಿನಾಗ ಎಚ್ಚರಿಕೆ ಕಳಿಸ್ರಿ. ನನ್ನ ಹೆಸರು ಎಲ್ಲೂ ಬ್ಯಾಡ."



"ನೋಡಿಯಮ್ಮ, ನನ್ನ ಹೆಸರಿನಲ್ಲಿ ಹೋಗೋದು ಅಂದ್ರೆ ನಾನು ನೋಡದೆ ಕಳಿಸೋಕಾಗಲ್ಲ. ತಪ್ಪಾದ್ರೆ ನನ್ನ ತೂಕ ಇಳಿಯತ್ತೆ. ಮಾದರಿಗಳನ್ನ ಕಳಿಸಿಕೊಡಿ. ನಮ್ಮ ಹುಡುಗರು ಮೊದಲಿಂದ ಮಾಡ್ತಾರೆ. ಎರಡು ತಿಂಗಳು ಸಾಕು."

"ಎರಡು ತಿಂಗಳಿಗೆ ಅವರು ಯಾರೂ ಇರೂದಿಲ್ಲ, ಸರ್."

"ಹಾಗಂದ್ರೆ ಹೇಗಮ್ಮ? ವಿಜ್ಞಾನಕ್ಕೆ ತಾಳ್ಮೆ ಬೇಕು."

ದಾಕ್ಷಾಯಣಿ ಫೋನ್ ಇಟ್ಟಳು. ಎಂಟು ತಿಂಗಳಿಂದ ಎದೆಯೊಳಗೆ ಏನೂ ಅಲ್ಲಾಡಿರಲಿಲ್ಲ. ಈಗ ಏನೋ ಅಲ್ಲಾಡಿತು. ದುಃಖವಿರಬಹುದೆಂದು ಅವಳು ಒಂದು ಕ್ಷಣ ಕಾದಳು. ಅದು ಸಿಟ್ಟಾಗಿತ್ತು.

ಮನೆಯಲ್ಲಿ ಅತ್ತೆ ಹುಲಿಗೆಮ್ಮ ರೊಟ್ಟಿ ಬಡಿಯುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಮಗ ಹೋದ ಮೇಲೆ ಸೊಸೆ ತವರಿಗೆ ಹೋಗುತ್ತಾಳೆಂದು ಊರು ಹೇಳಿತ್ತು. ಸೊಸೆ ಹೋಗಲಿಲ್ಲ, ಅತ್ತೆ ಇರು ಎಂದೂ ಹೇಳಲಿಲ್ಲ. ಇಬ್ಬರೂ ದಿನಾ ಒಂದೇ ಒಲೆಯ ಮುಂದೆ ಕೂತು ಉಂಡರು.

"ಅಂದ್ರ ನೀ ಬರೆದದ್ದೆಲ್ಲಾ ನನ್ನ ಮಗ ಬರೆದಾನಂತ ಆತೇನು?"

"ಹೂಂ, ಅತ್ತಿ."

"ಅವ್ನಾ?" ಹುಲಿಗೆಮ್ಮನ ಕೈ ರೊಟ್ಟಿಯ ಮೇಲೆ ನಿಂತಿತು. "ಬೆರಳು ಕೊಯ್ಕೊಂಡ್ರ ಕಣ್ಣು ಮುಚ್ಚಿ ಕೂಡಾಂವ. ನೀ ಹೆಂಗಸೂರ ಕಫ ಡಬ್ಬಿಯೊಳಗ ತಂದು ಫ್ರಿಜ್ಜಿನ್ಯಾಗ ಇಟ್ಟಿದ್ದಕ್ಕ ಎರಡು ದಿನ ಮೊಸರು ತಿನ್ನಲಿಲ್ಲ. ಅವಾ ಬರೆದಾನಂತ!"

"ಯಂತ್ರಕ್ಕೆ ಹೆಸರಷ್ಟ ಕಾಣ್ತದ."

"ನಮ್ಮ ಕಾಲದಾಗ ಗಂಡನ ಹೆಸರು ಬಾಯಿಲೆ ಅನಬಾರ್ದು ಅಂತಿದ್ರು. ಅಂದ್ರ ಆಯುಷ್ಯ ಕಡಿಮಿ ಆಕ್ಕೈತಂತ. ಕಾಗದದಾಗ ಮಾತ್ರ ಆ ಹೆಸರಿಲ್ಲದ ಹೆಣ್ಣೇ ಇರಬಾರ್ದು. ನಾ ಐವತ್ತು ವರ್ಷ ಬಾಯಿ ಬಿಗಿಹಿಡಿದೆ, ನಮ್ಮವ್ರು ನಲವತ್ತಕ್ಕ ಹೋದ್ರು." ರೊಟ್ಟಿಯನ್ನು ಹಂಚಿನ ಮೇಲೆ ಎಸೆದಳು. "ಆ ಯಂತ್ರದ ಹೆಣಾ ಎತ್ತಲಿ. ತಿನ್ನು ನೀ, ಬಿಸಿ ಐತಿ."

ದಾಕ್ಷಾಯಣಿ ತಿಂದಳು. ತಿಂದು ಆಸ್ಪತ್ರೆಗೆ ಹೊರಟಳು.

ಆ ಪಟ್ಟಣದ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಹದಿನಾರು ಹಾಸಿಗೆಗಳೂ ಒಂದೇ ಕಸುಬಿನವರವು. ಎಡದಂಡೆ ಕಾಲುವೆಯ ಕೆಳಗಿನ ಗದ್ದೆಗಳಲ್ಲಿ ನಾಟಿಯನ್ನು ಈಗ ಯಂತ್ರ ಮಾಡುತ್ತಿತ್ತು. ಯಂತ್ರ ಅಲ್ಲಲ್ಲಿ ಸಸಿ ಬಿಟ್ಟುಬಿಡುತ್ತಿತ್ತು. ಅದರ ಹಿಂದೆ ಮೊಣಕಾಲುದ್ದ ಕೆಸರಿನಲ್ಲಿ ಬರಿಗಾಲಲ್ಲಿ ನಡೆದು ತಪ್ಪಿದ ಜಾಗಕ್ಕೆ ಸಸಿ ಊರುವವರು ಈ ಹೆಂಗಸರು. ಹೊಸ ಯಂತ್ರಗಳು ಹಳೆಯ ಟ್ರ್ಯಾಕ್ಟರಿಗಿಂತ ಗೇಣುದ್ದ ಆಳಕ್ಕೆ ಮಣ್ಣು ಕಲಕುತ್ತಿದ್ದವು. ಆ ಆಳದಲ್ಲಿ ಅದೆಷ್ಟೋ ಕಾಲದಿಂದ ಮಲಗಿದ್ದ ಒಂದು ಸೂಕ್ಷ್ಮಜೀವಿ ಮೇಲೆ ಬಂದು, ಒಡೆದ ಹಿಮ್ಮಡಿಯ ಬಿರುಕುಗಳಿಂದ ಮೈಯೊಳಗೆ ಸೇರುತ್ತಿತ್ತು. ಎಕ್ಸ್-ರೇಯಲ್ಲಿ ಅದು ಕ್ಷಯದಂತೆಯೇ ಕಾಣುತ್ತಿತ್ತು. ಎಲ್ಲರಿಗೂ ಕ್ಷಯದ ಮಾತ್ರೆ ಕೊಡುತ್ತಿದ್ದರು. ಅದಕ್ಕೆ ಆ ಜೀವಿ ಜಗ್ಗುತ್ತಿರಲಿಲ್ಲ.

ಇದೆಲ್ಲ ದಾಕ್ಷಾಯಣಿಯ ಹನ್ನೆರಡು ಪ್ರಬಂಧಗಳಲ್ಲಿ ಇತ್ತು. ವಿಯೆಟ್ನಾಮಿನವರು ಓದಿದ್ದರು, ಬ್ರೆಜಿಲಿನವರು ಓದಿದ್ದರು. ಈ ವಾರ್ಡಿಗೆ ಮಾತ್ರ ಅದು ಇನ್ನೂ ಬಂದಿರಲಿಲ್ಲ.

"ಬರ್ರಿ ಬರ್ರಿ, ರಕ್ತದಕ್ಕ ಬಂದ್ಲು," ಎಂದಳು ಕಿಟಕಿಯ ಹಾಸಿಗೆಯ ಯಂಕಮ್ಮ. ಇಪ್ಪತ್ತಾರರ ಹೆಂಗಸು, ಕಾಲುವೆಯ ಕೆಳಗಿನ ಹಳ್ಳಿ ಸೀತಾರಾಮ ಕ್ಯಾಂಪಿನವಳು. ಮೈ ಕಾದ ಹಂಚಿನಂತಿತ್ತು, ಬಾಯಿ ಮಾತ್ರ ತಣ್ಣಗಾಗಿರಲಿಲ್ಲ. "ಎಷ್ಟು ಸಲ ತಗೀತೀಯಕ್ಕಾ? ನನ್ನ ಮೈಯಾಗ ಇದ್ದದ್ದೆಲ್ಲಾ ನಿನ್ನ ಚೀಲದಾಗ ಹೋತು. ಸತ್ರ ಹೊತ್ಕೊಂಡು ಹೋಗಾಕ ಹಗುರ ಆಗ್ಲಿ ಅಂತೇನು?"

"ಸಾಯೂ ಮಾತು ಯಾಕ?"

"ಆಚಿ ಹಾಸಿಗಿ ಈರಮ್ಮ ಸಂಜಿಮುಂದ ಹೋದ್ಲು." ಯಂಕಮ್ಮ ಕೆಮ್ಮಿದಳು. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. "ನಿನ್ನಿ ನೀ ಔಷಧ ಐತಿ ಅಂದಿ. ಎಲ್ಲೈತಿ?"

ಸುಳ್ಳು ಹೇಳುವುದು ದಾಕ್ಷಾಯಣಿಗೆ ಬರುತ್ತಿರಲಿಲ್ಲ.

"ಐತಿ. ನನ್ನ ಆಫೀಸಿನ ಕೆಳಗ ಐತಿ. ನಾ ಕೇಳಿದ್ರ ಕೊಡವಲ್ರು."

"ನೀನು ಓದಿದಾಕಿ. ನಿನಗ ಕೊಡದಿದ್ರ ನಮಗ ಹೆಂಗ ಕೊಟ್ಟಾರು?" ಯಂಕಮ್ಮ ನಗಲು ನೋಡಿದಳು. "ನೀ ಅಲ್ಲಿ ಕುಂತು ಮಾಡಾದಾದ್ರೂ ಏನಕ್ಕಾ?"

ಮರುದಿನವೂ ದಾಕ್ಷಾಯಣಿ ಅರ್ಜಿ ಹಾಕಿದಳು, ಅದರ ಮರುದಿನವೂ ಹಾಕಿದಳು. ಆರೋಗ್ಯ ಇಲಾಖೆಯ ಐದು ನಂಬರುಗಳಿಗೆ ಫೋನು ಮಾಡಿದಳು. ಐದೂ ಕಡೆ ಒಂದೇ ಮಾತು: ತಕ್ಕಡಿಯಲ್ಲಿ ನಾವು ಕೈ ಹಾಕುವ ಹಾಗಿಲ್ಲ. ಒಬ್ಬ ಗುಮಾಸ್ತ ಮಾತ್ರ ಕನಿಕರದಿಂದ, "ಬೇರೆ ಯಾರಾದ್ರೂ ದೊಡ್ಡೋರ ಹೆಸರು ಇಲ್ವ ಮೇಡಂ ನಿಮ್ಮ ಹತ್ರ?" ಎಂದು ಕೇಳಿದ. ಅವಳು ಬರಿಗಾಲಲ್ಲಿ ಕೆಸರಿಗೆ ಇಳಿದು ಒಂಬತ್ತು ವರ್ಷ ಮಣ್ಣು ತಂದಿದ್ದಳು. ಎಡಗಾಲಿನ ಹಿಮ್ಮಡಿಯಲ್ಲಿ ಅದರ ಗಾಯದ ಗುರುತು ಇನ್ನೂ ಇತ್ತು. ಸ್ವತಃ ಅವಳಿಗೇ ಒಮ್ಮೆ ಆ ಜ್ವರ ಹಗುರವಾಗಿ ಬಂದು ಹೋದಾಗ, ತನ್ನ ರಕ್ತದಿಂದಲೇ ಜೀವಿಯನ್ನು ಬೆಳೆಸಿ ನಾಲ್ಕನೆಯ ಪ್ರಬಂಧ ಬರೆದಿದ್ದಳು. ಆ ರಕ್ತವೂ ಈಗ ಪಂಪಾಪತಿಯ ಖಾತೆಯಲ್ಲಿತ್ತು.

ಪಂಪಾಪತಿಯ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಅವನು ಇದ್ದಿದ್ದರೆ ಆ ಕ್ಯಾಮೆರಾದ ಮುಂದೆ ನಿಂತು, "ಇವು ನನ್ನವಲ್ಲಪ್ಪ, ನನಗೆ ಓದಿದರೂ ತಿಳಿಯುವುದಿಲ್ಲ," ಎಂದು ನಗುತ್ತ ಹೇಳುತ್ತಿದ್ದ. ಅದೇ ಅವಳನ್ನು ಹೆಚ್ಚು ಸುಡುತ್ತಿತ್ತು. ಅವನು ಎಂದೂ ಕೇಳದ್ದನ್ನು, ಅವನು ಸತ್ತ ಮೇಲೆ, ಅವನ ಹೆಸರಿನಲ್ಲಿ ಅವಳಿಂದ ಕಸಿದಿದ್ದರು.

ಐದನೆಯ ದಿನ ಖಾದರಬಾಷಾ ಅವಳನ್ನು ಕೂಗಿ ಕರೆದ. ಅವನ ಮುಖದಲ್ಲಿ ಹುರುಪೂ ಅಳುಕೂ ಒಟ್ಟಿಗೇ ಇದ್ದವು.

"ಒಂದು ದಾರಿ ಸಿಕ್ಕೈತ್ರಿ. ಹೇಳಾಕ ನನ್ನ ಬಾಯಿ ಬರವಲ್ದು."

"ಹೇಳಣ್ಣ."

"ಸತ್ತವ್ರ ಪ್ರಬಂಧಕ್ಕ ತಿದ್ದುಪಡಿ ಕೊಡಬಹುದಂತ್ರಿ. ವಾರಸುದಾರರು ಕೊಡಬಹುದು. ಹೆಂಡ್ತಿ ಅಂದ್ರ ಮೊದಲನೇ ವಾರಸುದಾರಳು. ಸತ್ತವ್ರು ಬಿಟ್ಟು ಹೋದ ಟಿಪ್ಪಣಿ ಸಿಕ್ಕೈತಿ ಅಂತ ಹೇಳಿ ಈ ಎಚ್ಚರಿಕೆನ ಅದರೊಳಗ ಹಾಕಿದ್ರ, ಆ ಖಾತೆದ ಪೂರ್ತಿ ತೂಕ ಅದಕ್ಕ ಬರತೈತಿ. ಅರವತ್ತೊಂದು."

"ಹಾಕು ಮತ್ತ."

"ತಡೀರಿ. ಅದಕ್ಕ ಮೊದಲು ನೀವು ಪ್ರಮಾಣ ಮಾಡ್ಬೇಕ್ರಿ. ಈ ಜ್ವರದ ಒಂದೊಂದು ಪ್ರಬಂಧಕ್ಕೂ ಬ್ಯಾರೆ ಬ್ಯಾರೆ." ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ.

"ಈ ಪ್ರಬಂಧವು ಮೃತರ ಸ್ವಂತ ಕೃತಿ. ಇದರ ರಚನೆಯಲ್ಲಿ ನನಗೆ ಯಾವ ಪಾಲೂ ಇಲ್ಲ, ಮುಂದೆಂದೂ ಪಾಲು ಕೇಳುವುದಿಲ್ಲ. ಇದು ಸುಳ್ಳಾದಲ್ಲಿ ಕಾನೂನಿನ ಶಿಕ್ಷೆಗೆ ಗುರಿಯಾಗುತ್ತೇನೆ."

ದಾಕ್ಷಾಯಣಿ ಎರಡು ಸಲ ಓದಿದಳು.

"ಅಂದ್ರ ದಾಕ್ಷಾಯಣಿ ಹೇಳಿದ್ರ ಕೇಳೂದಿಲ್ಲ. ಪಂಪಾಪತಿ ಹೆಂಡ್ತಿ ಹೇಳಿದ್ರ ಕೇಳ್ತದ."

"ಹಂಗ ಆತ್ರಿ."

"ಎಷ್ಟು ಜನ ಉಳಿದಾರ ವಾರ್ಡಿನಾಗ?"

"ಹದಿನಾಲ್ಕು. ಈರಮ್ಮ ಆದ ಮ್ಯಾಲೆ ನಿನ್ನಿ ಇನ್ನೊಬ್ಬಾಕಿ ಹೋದ್ಲು. ಸಮಿತಿಗೆ ಬರೆದು ನೋಡೂಣೇನ್ರಿ ಮೇಡಮ್ಮೋರ? ಒಂಬತ್ತು ವರ್ಷದ ದುಡಿಮಿ ಅದು..."

"ಕ್ಯಾಮೆರಾ ಹಚ್ಚು."

ಅವಳು ಕುರ್ಚಿಯಲ್ಲಿ ಕುಳಿತಳು. ಯಂತ್ರದ ದನಿ ಮೊದಲು ಮೃತರ ಹೆಸರು ಕೇಳಿತು. ಹೇಳಿದಳು. ಸಂಬಂಧ ಕೇಳಿತು. ಹೇಳಿದಳು. ಆಮೇಲೆ ಮೊದಲನೆಯ ಪ್ರಬಂಧದ ಹೆಸರು ಓದಿ, ಇದು ಮೃತರ ಸ್ವಂತ ಕೃತಿಯೆ ಎಂದು ಕೇಳಿತು.

"ಹೌದು."

ಎರಡನೆಯದನ್ನು ಕೇಳಿತು. ಮದುವೆಯಾದ ಹೊಸತರಲ್ಲಿ, ಅದರ ಮಾದರಿಗಳನ್ನು ಇಡಲು ಜಾಗವಿಲ್ಲದೆ ಊಟದ ಡಬ್ಬಿಯಲ್ಲಿ ಮಂಜುಗಡ್ಡೆ ತುಂಬಿ ಬಸ್ಸಿನಲ್ಲಿ ತಂದಿದ್ದಳು. "ಹೌದು." ಮೂರನೆಯದು. "ಹೌದು." ನಾಲ್ಕನೆಯದು ಅವಳದೇ ರಕ್ತದ್ದು. ಅಲ್ಲಿ ಅವಳು ತಡೆದಳು. "ಉತ್ತರ ಕೇಳಿಸಲಿಲ್ಲ," ಎಂದಿತು ಯಂತ್ರ. "ದಯವಿಟ್ಟು ಮತ್ತೆ ಹೇಳಿ."

"ಹೌದು," ಎಂದಳು ದಾಕ್ಷಾಯಣಿ. ಗಟ್ಟಿಯಾಗಿಯೇ ಹೇಳಿದಳು.

ಖಾದರಬಾಷಾ ಎದ್ದು ಹೋಗಿ ಬಾಗಿಲ ಹೊರಗೆ ನಿಂತುಕೊಂಡ. ಹನ್ನೆರಡೂ ಮುಗಿಯುವವರೆಗೆ ಒಳಗೆ ಬರಲಿಲ್ಲ.

ನಾಲ್ಕು ನಿಮಿಷಕ್ಕೆ ಕೆಳಗೆ ಶೀತಕೋಣೆಯ ಬೀಗ ಕಳಚಿದ ಸದ್ದು ಕೇಳಿಸಿತು. ಅವಳು ಕಳಿಸಿದ್ದು ಅದೇ ವರದಿ, ಅದೇ ಅಂಕಿಗಳು, ಅದೇ ಹತ್ತೊಂಬತ್ತು ಹೆಸರುಗಳು. ಒಂದು ಅಕ್ಷರವನ್ನೂ ಬದಲಿಸಿರಲಿಲ್ಲ.

ಅವತ್ತು ಸಂಜೆಯೇ ಸೂಜಿ ಶುರುವಾಯಿತು. ಹದಿನಾಲ್ಕು ಜನರಲ್ಲಿ ಒಬ್ಬಳಿಗೆ ಔಷಧ ತಡವಾಗಿತ್ತು. ಹದಿಮೂರು ಜನ ಉಳಿದರು. ಯಂಕಮ್ಮನ ಒಂದು ಶ್ವಾಸಕೋಶ ಅರ್ಧಕ್ಕೇ ನಿಂತುಹೋಯಿತು. ಇನ್ನು ಕೆಸರಿಗೆ ಇಳಿಯಬೇಡವೆಂದು ಡಾಕ್ಟರು ಹೇಳಿದಾಗ, "ಹಂಗಾರ ನೀವ ಬಂದು ಸಸಿ ಹಚ್ರಿ," ಎಂದಳಂತೆ. ಒಮ್ಮೆ ತೆರೆದ ಬಾಗಿಲನ್ನು ಆ ರೋಗದ ಮಟ್ಟಿಗೆ ತಕ್ಕಡಿ ಮತ್ತೆ ಮುಚ್ಚುತ್ತಿರಲಿಲ್ಲವಾದ್ದರಿಂದ, ಬೇರೆ ಕ್ಯಾಂಪುಗಳಿಂದ ಬಂದ ಹೊಸ ರೋಗಿಗಳಿಗೂ ಔಷಧ ಸಿಕ್ಕಿತು. ಹೋದ ಆ ಐದು ದಿನಗಳ ಬಗ್ಗೆ ಮಾತ್ರ ಯಾರೂ ಯಾರನ್ನೂ ಕೇಳಲಿಲ್ಲ. ಕೇಳಲು ಎಲ್ಲಿಯೂ ಯಾರ ಸಹಿಯೂ ಇರಲಿಲ್ಲ.

ದಾಕ್ಷಾಯಣಿ ಪ್ರಮಾಣದ ಸಂಗತಿಯನ್ನು ಮನೆಯಲ್ಲಿ ಹೇಳಲಿಲ್ಲ. "ಔಷಧ ಬಂತು ಅತ್ತಿ," ಎಂದಷ್ಟೇ ಹೇಳಿದಳು. ಹುಲಿಗೆಮ್ಮ ಅವಳ ಮುಖ ನೋಡಿ, ಮತ್ತೇನೂ ಕೇಳದೆ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಸರಕಾರಿ ಕಾರು ಮನೆಯ ಮುಂದೆ ನಿಂತಿತು. ಬೆಂಗಳೂರಿನಿಂದ ಬಂದ ಜಂಟಿ ನಿರ್ದೇಶಕ ರಂಗಸ್ವಾಮಿ ಇಳಿದರು. ಹಿಂದೆ ಡ್ರೈವರು ಶಾಲು, ಗಂಧದ ಹಾರ ಮತ್ತು ಕಟ್ಟು ಹಾಕಿಸಿದ ಒಂದು ಪ್ರಶಸ್ತಿಪತ್ರ ಹಿಡಿದುಕೊಂಡು ಬಂದ. ಸತ್ತ ಮೇಲೂ ಸಾವಿರಾರು ಜೀವ ಕಾಪಾಡಿದ ವಿಜ್ಞಾನಿ ಎಂದು ಪಂಪಾಪತಿಗೆ ಸರಕಾರ ಮರಣೋತ್ತರ ಗೌರವ ಘೋಷಿಸಿತ್ತು. ಅದನ್ನು ಸೂಚಿಸಿದವರು ಪ್ರೊಫೆಸರ್ ಲೋಕನಾಥ್.

ರಂಗಸ್ವಾಮಿ ಒಳಗೆ ಬಂದು ಗೋಡೆಯ ಮೇಲಿನ ಪಂಪಾಪತಿಯ ಫೋಟೊಗೆ ಕೈಮುಗಿದರು, ಹಾರ ಹಾಕಿದರು. ಆಮೇಲೆ ಅಂಗೈಯಗಲದ ಒಂದು ಯಂತ್ರ ತೆಗೆದು ಹುಲಿಗೆಮ್ಮನ ಮುಂದೆ ಹಿಡಿದರು. ಸ್ವೀಕೃತಿಯ ಮಾತು ನೇರವಾಗಿ ತಕ್ಕಡಿಗೆ ಹೋಗಬೇಕಿತ್ತು.

"ಎರಡೇ ಮಾತಮ್ಮ. ಈ ಹನ್ನೆರಡು ಪ್ರಬಂಧ ಬರೆದ ಮಹನೀಯರ ತಾಯಿ ತಾವೇನಾ?"

"ಫೋಟೊದಾಗ ಇರಾವನ ತಾಯಿ ನಾನು," ಎಂದಳು ಹುಲಿಗೆಮ್ಮ. "ಬರೆದಾಕಿ ತಾಯಿ ಕುಷ್ಟಗ್ಯಾಗ ಅದಾಳ."

ರಂಗಸ್ವಾಮಿಗೆ ಅರ್ಥವಾಗಲಿಲ್ಲ. "ಅಂದ್ರೆ?"

"ಅಂದ್ರ ಏನು? ನಿಮಗ ಕನ್ನಡ ಬರೂದಿಲ್ಲೇನು? ಬರೆದಾಕಿ ಇಕಿ, ಇಲ್ಲೇ ನಿಂತಾಳ. ನನ್ನ ಮಗ ಮಣ್ಣು ನೋಡಾವ, ರಕ್ತ ನೋಡಾವ ಅಲ್ಲ. ಒಳ್ಳೇವ ಇದ್ದ. ಹೆಂಡ್ತಿ ದುಡಿಮಿ ತನ್ನದು ಅಂತ ಹೇಳಾವ ಅಲ್ಲ. ಸತ್ತವ್ನ ಕೈಯಾಗ ಯಾಕ ಕಳವಿನ ಮಾಲು ಇಡ್ತೀರಿ?"

ಯಂತ್ರದ ಮೇಲೆ ಕೆಂಪು ಬೆಳಕು ಹತ್ತಿತು. ರಂಗಸ್ವಾಮಿ ಅದನ್ನು ಅಂಗೈಯಿಂದ ಮುಚ್ಚಿಕೊಂಡರು. ಆದರೂ ಬೆಳಕು ಬೆರಳ ಸಂದಿಯಿಂದ ಕಾಣುತ್ತಿತ್ತು.

"ಅಮ್ಮಾ, ಇದು ದಾಖಲಾಗ್ತಿದೆ. ಮೇಡಂ," ಎಂದು ದಾಕ್ಷಾಯಣಿಯ ಕಡೆ ತಿರುಗಿದರು. ದನಿ ಇಳಿಸಿದರು. "ನೀವು ಪ್ರಮಾಣ ಮಾಡಿದ್ದೀರ. ಇದು ಹೀಗೇ ಹೋದ್ರೆ ಸುಳ್ಳು ಪ್ರಮಾಣದ ಕೇಸಾಗತ್ತೆ ನಿಮ್ಮ ಮೇಲೆ. ಎರಡು ವರ್ಷದವರೆಗೂ ಶಿಕ್ಷೆ ಇದೆ. ಅಮ್ಮನಿಗೆ ವಯಸ್ಸಾಯ್ತು, ಮರೆವು ಅಂತ ಒಂದೇ ಒಂದು ಮಾತು ಹೇಳಿಬಿಡಿ. ನಾನು ಸರಿ ಮಾಡ್ಕೋತೀನಿ."

"ಯಾರಿಗೆ ಮರವು?" ಹುಲಿಗೆಮ್ಮ ಸೆರಗು ಕಟ್ಟಿದಳು. "ಬಂದು ಅರ್ಧ ತಾಸಾತು. ಹೋದವನಿಗೆ ಕೈ ಮುಗಿದ್ರಿ, ಹಾರ ಹಾಕಿದ್ರಿ. ಬದುಕಿರಾಕಿನ್ನ ಒಂದು ಸಲ ನೀ ಹೆಂಗದಿ ತಂಗಿ ಅಂತ ಕೇಳಲಿಲ್ಲ. ಮರವು ನಿಮಗೈತಿ." ಮಾತು ಮುಗಿದ ಮೇಲೆಯೇ ಅವಳಿಗೆ ಶಿಕ್ಷೆ ಎಂಬ ಪದ ತಾಕಿತು. ಸೊಸೆಯ ಕಡೆ ತಿರುಗಿದಳು. "ಏನು ಪ್ರಮಾಣ? ನೀ ಏನು ಮಾಡಿಯವ್ವಾ?"

"ಇವು ನನ್ನವಲ್ಲ ಅಂತ ಹೇಳಿದ್ದೆ ಅತ್ತಿ. ಔಷಧ ಬಿಡಿಸಾಕ."

"ಹಂಗಾರ ನನಗ ಮರವು ಅಂತ ಹೇಳವ್ವಾ," ಎಂದಳು ಹುಲಿಗೆಮ್ಮ ಮೆಲ್ಲಗೆ. "ಹೇಳು. ನನಗೇನೂ ಬ್ಯಾಸರಿಲ್ಲ."

ದಾಕ್ಷಾಯಣಿ ಆ ಶಾಲನ್ನು ನೋಡಿದಳು, ಹಾರ ನೋಡಿದಳು. ಕ್ಯಾಂಪುಗಳಿಂದ ಬಂದ ಕೊನೆಯ ರೋಗಿಗೆ ಆರು ವಾರದ ಸೂಜಿ ಹಿಂದಿನ ದಿನವೇ ಮುಗಿದಿತ್ತು. ಔಷಧವನ್ನು ಇನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. ಐದು ದಿನ, ಈರಮ್ಮ, ಹೆಸರು ಕೇಳಲೂ ಪುರುಸೊತ್ತಾಗದ ಇನ್ನೊಬ್ಬಳು, ತಡವಾದ ಮತ್ತೊಬ್ಬಳು. ಆ ಲೆಕ್ಕಕ್ಕೆ ಈ ಮನೆಯಲ್ಲಿ ಒಂದು ಶಾಲು ಬಂದು ಕೂತಿತ್ತು. ಅವಳು ಮುಂದೆ ಬಂದು ರಂಗಸ್ವಾಮಿಯವರ ಅಂಗೈಯನ್ನು ಯಂತ್ರದ ಮೇಲಿಂದ ಸರಿಸಿದಳು.

"ನಮ್ಮ ಅತ್ತಿಗೆ ಮರೆವಿಲ್ಲ. ಅವರು ಹೇಳಿದ್ದು ಖರೆ. ಹನ್ನೆರಡೂ ನಾನು ಬರೆದದ್ದು. ಸುಳ್ಳು ಪ್ರಮಾಣ ಮಾಡಿದಾಕಿಯೂ ನಾನು. ದಾಖಲು ಮಾಡ್ಕೊಳ್ರಿ."

ಯಂತ್ರ ಗುಂಯ್‌ಗುಟ್ಟಿತು. ಅದರ ಬದಿಯಿಂದ ಉದ್ದನೆಯ ಕಾಗದ ಸುರುಳಿ ಸುರುಳಿಯಾಗಿ ಹೊರಬಂತು. ರಂಗಸ್ವಾಮಿ ಅದನ್ನು ಹಿಡಿದು ಮನಸ್ಸಿನಲ್ಲಿಯೇ ಓದಿಕೊಂಡರು. ಓದುತ್ತ ಓದುತ್ತ ಅವರ ಮುಖ ಬದಲಾಯಿತು.

"ಜೋರಾಗಿ ಓದ್ರಿ," ಎಂದಳು ದಾಕ್ಷಾಯಣಿ. "ಅತ್ತಿಗೂ ಕೇಳಿಸಲಿ."

"ಆರೋಪಿ, ದಾಕ್ಷಾಯಣಿ," ಎಂದು ರಂಗಸ್ವಾಮಿ ತಡವರಿಸುತ್ತ ಓದಿದರು. "ವಯಸ್ಸು ಮೂವತ್ಮೂರು. ಆರೋಪ: ಕೆಸರುಜ್ವರದ ಕಾರಣ, ಹರಡುವಿಕೆ ಮತ್ತು ಚಿಕಿತ್ಸೆಯನ್ನು ಕುರಿತ ಕೆಳಕಂಡ ಹನ್ನೆರಡು ಪ್ರಬಂಧಗಳನ್ನು ಸ್ವತಃ ಒಬ್ಬಳೇ ರಚಿಸಿದ್ದರೂ, ತಾನು ರಚಿಸಿಲ್ಲವೆಂದು ಸರಕಾರದ ಮುಂದೆ ಹನ್ನೆರಡು ಬಾರಿ ಸುಳ್ಳು ಹೇಳಿದ್ದು." ಅವರು ತಲೆಯೆತ್ತಿದರು. "ಕೆಳಗೆ ಪ್ರಬಂಧಗಳ ಪಟ್ಟಿ ಇದೆ ಮೇಡಂ. ಅದೂ ಓದಬೇಕಾ?"

"ಓದ್ರಿ."

ಅವರು ಒಂದೊಂದಾಗಿ ಓದಿದರು. ಇಂಗ್ಲಿಷಿನಲ್ಲಿದ್ದ ಆ ಉದ್ದುದ್ದ ಹೆಸರುಗಳಲ್ಲಿ ಹುಲಿಗೆಮ್ಮನಿಗೆ ಒಂದು ಶಬ್ದವೂ ತಿಳಿಯಲಿಲ್ಲ. ಆದರೂ ಅವಳು ಗೋಡೆಗೆ ಒರಗಿ ಕುಳಿತು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಪ್ರತಿಯೊಂದಕ್ಕೂ ಹೂಂ ಎನ್ನುತ್ತಿದ್ದಳು. ನಾಲ್ಕನೆಯದನ್ನು ಓದುವಾಗ ರಂಗಸ್ವಾಮಿ ಎರಡು ಶಬ್ದ ಹಾರಿಸಿದರು. ದಾಕ್ಷಾಯಣಿ ಅವರನ್ನು ತಡೆದು ಮತ್ತೊಮ್ಮೆ ಓದಿಸಿದಳು.

ಹನ್ನೆರಡನೆಯದು ಮುಗಿಯಿತು.

"ನಿಯಮದ ಪ್ರಕಾರ ಕೇಳಬೇಕು ಮೇಡಂ," ಎಂದರು ರಂಗಸ್ವಾಮಿ, ನೆಲ ನೋಡುತ್ತ. "ಆರೋಪ ಒಪ್ಕೊಳ್ತೀರಾ?"

"ಒಪ್ಕೋತೀನಿ," ಎಂದಳು ದಾಕ್ಷಾಯಣಿ. "ಒಂದೂ ಬಿಡದಂಗ."